ಚಳಿಗಾಲ, ವ್ಯಾನು ಮತ್ತು ಕಾಸಿಮೇಡಿನ ಲೆಕ್ಕ

ಶುಕ್ರವಾರ ರಾತ್ರಿ

ಜನವರಿಗೆ ನಮ್ಮ ಮದುವೆಯಾಗಿ 25 ವರ್ಷ. ಒಂದು ಕ್ಯಾರವಾನ್ ಹಿಡಿದು ಎರಡು ದಿನ ಇಬ್ಬರೇ ಎಲ್ಲಿಗಾದರೂ ಹೋಗಿಬರೋಣ ಅಂತ ಇವರು. ಬಾಡಿಗೆ ಕೇಳಲು ಫೋನ್ ಮಾಡಿದೆ. ಆ ಕಡೆಯವರ ಮೊದಲ ಪ್ರಶ್ನೆ: "ಯಾವ ಶೂಟಿಂಗ್, ಮೇಡಂ?" ಈ ಚೆನ್ನೈನಲ್ಲಿ ಕ್ಯಾರವಾನ್ ಅಂದರೆ ಸಿನಿಮಾದವರು ಮೇಕಪ್ ಹಚ್ಚಿಕೊಂಡು ಶಾಟ್‌ಗೆ ಕಾಯುವ ಗಾಡಿ. ಗಂಡ ಹೆಂಡತಿ ಮಲಗಿ ಏಳಲು ಬೇಕು ಎಂದು ಬಿಡಿಸಿ ಹೇಳಬೇಕಾಯಿತು. ನಾಚಿಕೆಯಾಯಿತು. ಯಾಕೆ ಅಂತ ತಿಳಿಯಲಿಲ್ಲ.

ಎರಡನೇ ಕಡೆ ಸಿಕ್ಕಿತು. ಹಾಸಿಗೆ, ಪುಟ್ಟ ಫ್ರಿಜ್, ಇಂಡಕ್ಷನ್ ಒಲೆ, ಬಚ್ಚಲು. ಜೊತೆಗೆ ಡ್ರೈವರ್. ರಾತ್ರಿ ಅವನು ಎಲ್ಲಿ ಮಲಗುತ್ತಾನೆ? "ಮುಂದಿನ ಸೀಟಲ್ಲಿ ಅಡ್ಜಸ್ಟ್ ಮಾಡ್ಕೊಳ್ತಾನೆ ಮೇಡಂ." ನಮ್ಮ ಬೆಳ್ಳಿಹಬ್ಬಕ್ಕೆ ಒಬ್ಬ ಮನುಷ್ಯ ಎರಡು ರಾತ್ರಿ ಬೆನ್ನು ಚಾಚದೆ ಕೂರಬೇಕೆ? ಇದು ಬಗೆಹರಿಯದೆ ಮುಂದಿನ ಮಾತು ಬೇಡ ಎಂದೆ. ಇವರೂ ಒಪ್ಪಿದರು.

ಶನಿವಾರ

ಎಲ್ಲಿಗೆ? ಇವರಿಗೆ ಪಳವೇರ್ಕಾಡು ಸರೋವರ. ಚಿಲಿಕಾ ಬಿಟ್ಟರೆ ದೇಶದ ಅತಿ ದೊಡ್ಡ ಸವುಳು ನೀರಿನ ಸರೋವರ. ಚಳಿಗಾಲದಲ್ಲಿ ಅಲ್ಲಿ ರಾಜಹಂಸಗಳು ಇಳಿಯುತ್ತವೆ. ಡಚ್ಚರು 400 ವರ್ಷದ ಹಿಂದೆ ಬಂದು ಕೋಟೆ ಕಟ್ಟಿದ ಊರು. ಅವರ ಸ್ಮಶಾನ ಇನ್ನೂ ಇದೆ, ಬಾಗಿಲ ಕಲ್ಲಲ್ಲೇ ಅಸ್ಥಿಪಂಜರ ಕೆತ್ತಿದ್ದಾರೆ. ಪ್ರೀತಿಯ ಪ್ರವಾಸಕ್ಕೆ ಅದೂ ಇರಲಿ ಎನ್ನುತ್ತಾರೆ ಇವರು.

ಗಾಡಿಯನ್ನು ರಾತ್ರಿ ಎಲ್ಲಿ ನಿಲ್ಲಿಸುವುದು ಎಂಬುದೇ ತೊಡಕು. ಕೇರಳ 2021ರಲ್ಲೇ ಕ್ಯಾರವಾನ್ ಪ್ರವಾಸಕ್ಕೊಂದು ನೀತಿ ಮಾಡಿತು, ಗಾಡಿ ನಿಲ್ಲಲು ಜಾಗವೂ ಬೇಕೆಂದು ಅದರಲ್ಲಿ ಸೇರಿಸಿತು. ಕರೆಂಟು, ನೀರು, ಕೊಳೆನೀರು ಬಿಡಲು ಗುಂಡಿ, ಇಷ್ಟಿಲ್ಲದಿದ್ದರೆ ಅದು ಚಕ್ರದ ಮೇಲಿನ ಮನೆಯಲ್ಲ, ಬರೀ ತಗಡಿನ ಡಬ್ಬಿ.

ಚಳಿಗಾಲವೇ ಯಾಕೆ ಎಂದೂ ಕೇಳಿದೆ. ತಮಿಳರ ಮಾರ್ಗಳಿ ತಿಂಗಳ ಚಳಿಯಲ್ಲೂ ಚೆನ್ನೈನ ರಾತ್ರಿ 20 ಡಿಗ್ರಿಗಿಂತ ತೀರಾ ಕೆಳಗೆ ಇಳಿಯುವುದು ಅಪರೂಪ. "ಚಳಿಯಲ್ಲಿ ಜನ ಹತ್ತಿರ ಕೂರುತ್ತಾರೆ" ಅಂದರು. ಹೌದೇ? ಬರೆದಿಟ್ಟುಕೊಂಡೆ.

ಭಾನುವಾರ, ಬೆಳಗಿನ ಜಾವ, ಕಾಸಿಮೇಡು

ಈ ಮೀನುಗಾರಿಕೆ ಬಂದರಿಗೆ ಮೀನಿಗೆಂದು ಬಂದದ್ದು. ದಾರಿಯಲ್ಲಿ ರಾಯಪುರಂ ಸ್ಟೇಷನ್: 1856ರ ಕಟ್ಟಡ, ಕತ್ತಲಲ್ಲಿ ಕಂಬಗಳು ಮಾತ್ರ ಬೆಳ್ಳಗೆ. ಬಂದರಿನೊಳಗೆ ಆಗಲೇ ಹಗಲು. ಬಲ್ಬುಗಳು, ಐಸ್ ಪುಡಿಮಾಡುವ ಮಿಷನ್ನಿನ ಕರ್ಕಶ, ಹರಾಜಿನ ಕೂಗು. ನಮ್ಮ ಅಂಜಲ್ ಇಲ್ಲಿ ವಂಜರಂ, ಬೂತಾಯಿ ಇಲ್ಲಿ ಮತ್ತಿ. 25 ವರ್ಷವಾದರೂ ನಾಲಿಗೆ ಮೊದಲು ತವರು ಮಲ್ಪೆಯ ಹೆಸರನ್ನೇ ಹೇಳುತ್ತದೆ.

ಒಂದು ಬೋಟು ಗೋಡೆಗೆ ಒತ್ತಿ ನಿಂತಿತ್ತು, ಒಳಗೆಲ್ಲ ಕಾಣುವಷ್ಟು ಹತ್ತಿರ. ಚುಕ್ಕಾಣಿಯ ಗೂಡು, ಅದರ ಹಿಂದೆ ಒಬ್ಬರು ಮಲಗುವಷ್ಟು ಹಲಗೆ, ಗ್ಯಾಸ್ ಒಲೆ, ಕುಡಿಯುವ ನೀರಿನ ನೀಲಿ ಡ್ರಮ್ಮು, ಮೊಳೆಗೆ ನೇತುಬಿದ್ದ ದೇವರ ಪಟ. ಮೊನ್ನೆ ಫೋನಲ್ಲಿ ಕೇಳಿಸಿಕೊಂಡ ಪಟ್ಟಿಯೇ ಬಹುಪಾಲು. ಇದರಲ್ಲಿ ವಾರ, ಹತ್ತು ದಿನ, ಇಷ್ಟೊಂದು ಗಂಡಸರು. ಬಾಗದೆ ನಿಲ್ಲಲಾಗದ ಆ ಗೂಡನ್ನು ನೋಡುತ್ತ ನನ್ನ ಅಪ್ಪ ನೆನಪಾದರು. ಅವರು ತಾಂಡೇಲರು, ಬೋಟು ನಡೆಸುವವರಾಗಿದ್ದರು. ಮನೆಯ ಬಾಗಿಲು ಎತ್ತರವಿದ್ದರೂ ತಲೆ ತಗ್ಗಿಸಿಯೇ ಒಳಗೆ ಬರುತ್ತಿದ್ದರು.

ಮೀನು ಕತ್ತರಿಸಿಕೊಡುವ ಹೆಂಗಸು ನನ್ನಷ್ಟೇ ವಯಸ್ಸಿನವಳು. ಇವರು ಐಸ್ ಡಬ್ಬಿ ತರಲು ಹೋಗಿದ್ದರು. ನಮ್ಮ ಯೋಜನೆ ಹೇಳಿದೆ. ಅವಳು ನಗಲಿಲ್ಲ. ಈಳಿಗೆಮಣೆಯ ಮೇಲೆ ಕೈ ನಿಲ್ಲಿಸಿ ಕೇಳಿದಳು: "ಜನವರಿಯಲ್ಲಾ? ಗಾಳಿ ಕಾಲದ ಬೆನ್ನಿಗಾ?"

ಅವಳಿಗೆ ಚಳಿಗಾಲ ಅನ್ನುವುದೇ ಇಲ್ಲ. ಅಕ್ಟೋಬರ್‌ನಿಂದ ಡಿಸೆಂಬರ್ ಗಾಳಿ ಮಳೆಯ ಕಾಲ. ಎಚ್ಚರಿಕೆ ಬಂದರೆ ಬೋಟು ನಿಲ್ಲುತ್ತದೆ, ಗಂಡ ಮನೆಗೆ ಬರುತ್ತಾನೆ. ಬಂದರೂ ಮನಸ್ಸು ಬಂದರಲ್ಲೇ. ಹಗ್ಗ ತುಂಡಾಯಿತೋ, ಬೋಟಿಗೆ ಬೋಟು ಬಡಿಯಿತೋ ಅಂತ ರಾತ್ರಿಯಿಡೀ ಎದ್ದೆದ್ದು ಹೋಗುತ್ತಾನೆ. 2023ರ ಡಿಸೆಂಬರ್ ನೆನಪಿಸಿದಳು: ಮಿಚಾಂಗ್ ಚಂಡಮಾರುತ, ಅದರ ಬೆನ್ನಿಗೇ ಎಣ್ಣೂರು ಅಳಿವೆಯಲ್ಲಿ ಹರಡಿದ ಎಣ್ಣೆ.

"ಹಾಗಾದರೆ ನೀವಿಬ್ಬರು ಒಟ್ಟಿಗೆ ಇರುವುದು ಯಾವಾಗ?"

"ತಡೈ ಕಾಲದಲ್ಲಿ."

ಏಪ್ರಿಲ್ 15ರಿಂದ ಜೂನ್ 14ರವರೆಗೆ, 61 ದಿನ. ಮೀನು ಮೊಟ್ಟೆಯಿಡಲಿ ಎಂದು ಪೂರ್ವ ಕರಾವಳಿಯಲ್ಲಿ ಯಾಂತ್ರಿಕ ಬೋಟುಗಳಿಗೆ ಕಡಲು ಮುಚ್ಚಿರುವ ದಿನಗಳು. ಇಲ್ಲಿನವರು ಕತ್ತರಿ ಎನ್ನುವ ಉರಿಬಿಸಿಲು ಬರುವುದೂ ಆಗಲೇ. ಹಗಲಿಡೀ ಗಂಡ ಬೋಟಿಗೆ ಬಣ್ಣ ಹೊಡೆಯುತ್ತಾನೆ, ಬಲೆ ಹೆಣೆಯುತ್ತಾನೆ. ಕೈಯಲ್ಲಿ ಕಾಸು ಕಡಿಮೆ. ಆದರೆ ದಿನಾ ರಾತ್ರಿ ಊಟಕ್ಕೆ ಮನೆಯಲ್ಲಿರುತ್ತಾನೆ. ಶುಕ್ರವಾರ ಬೈಕಲ್ಲಿ ಅವಳನ್ನು ತಿರುವೊಟ್ರಿಯೂರಿನ ವಡಿವುಡೈ ಅಮ್ಮನ ಗುಡಿಗೆ ಕರೆದೊಯ್ಯುತ್ತಾನೆ. ಮಹಡಿಯ ಮೇಲೆ ಚಾಪೆ ಹಾಸಿ ಮಲಗುತ್ತಾರೆ, ಸೆಕೆಗೆ ನಿದ್ದೆ ಬಾರದೆ ಮಾತಾಡುತ್ತಾರೆ. "ವರ್ಷದ ಮಾತೆಲ್ಲ ಆಗಲೇ ಅಮ್ಮಾ" ಎಂದು ಅಂಜಲಿನ ತಲೆಯನ್ನು ಬೇರೆ ಕವರಿಗೆ ಹಾಕಿಕೊಟ್ಟಳು.

ಹಾಗಾದರೆ ಸೆಕೆಯಲ್ಲೂ ಜನ ಹತ್ತಿರ ಕೂರುತ್ತಾರೆ.

ಭಾನುವಾರ ಸಂಜೆ

ದಾರಿ ನೋಡಿಕೊಂಡು ಬರಲು ಎಣ್ಣೂರು ಕಡೆ ಹೋದೆವು. ಬಂದರಿಗೆ ಕಾಯುವ ಕಂಟೇನರ್ ಲಾರಿಗಳ ಸಾಲು. ಒಂದು ಲಾರಿಯ ನೆರಳಲ್ಲಿ ಡ್ರೈವರ್ ಅನ್ನ ಬಸಿಯುತ್ತಿದ್ದ. ಇವರು ಮೆಲ್ಲಗೆ ಅಂದರು, "ನಾವೇ ಓಡಿಸುವಂಥ ಗಾಡಿ ಸಿಗುತ್ತದಾ ಕೇಳು." ಶುಕ್ರವಾರದ ತೊಡಕು ಅಲ್ಲಿಗೆ ಕಳೆಯಿತು.

ರಾತ್ರಿ, ನಿದ್ದೆ ಇಲ್ಲ

ಪಶ್ಚಿಮ ಕರಾವಳಿಯಲ್ಲಿ ಕಡಲು ಮುಚ್ಚುವುದು ಜೂನ್ 1ರಿಂದ ಜುಲೈ 31. ಬಿಸಿಲಲ್ಲ, ಮಳೆ. ಅಪ್ಪ ಮನೆಯಲ್ಲಿರುತ್ತಿದ್ದುದು ಮಳೆಗಾಲದಲ್ಲಿ ಮಾತ್ರ. ಹಂಚಿನ ಮೇಲೆ ಮಳೆ, ಒಳಗೆ ಒಣಮೀನು ಸುಡುವ ವಾಸನೆ. ಅಪ್ಪ ಬಲೆ ಹರಡಿಕೊಂಡು ಕೂತರೆ ಅಮ್ಮ ಬೇಕೆಂದೇ ಅಲ್ಲೇ ಅಕ್ಕಿ ಆರಿಸಲು ಕೂರುತ್ತಿದ್ದಳು. ಇಬ್ಬರೂ ಏನು ಮಾತಾಡುತ್ತಿದ್ದರೋ, ಮಳೆ ಸದ್ದಿಗೆ ನಮಗೆ ಕೇಳಿಸುತ್ತಿರಲಿಲ್ಲ. ನೂಲ ಹುಣ್ಣಿಮೆಗೆ ಕಡಲಿಗೆ ಹಾಲು, ತೆಂಗಿನಕಾಯಿ ಬಿಟ್ಟು ಸಮುದ್ರಪೂಜೆ. ಆಮೇಲೆ ಆ ಜಾಗದಲ್ಲಿ ಅಮ್ಮ ಒಬ್ಬಳೇ.

ನನಗೆ ಬೇಕಾದದ್ದು ಜನವರಿಯಲ್ಲ.

ಇವರನ್ನು ಎಬ್ಬಿಸಿ ಹೇಳಿದೆ: ಪಳವೇರ್ಕಾಡಿಗೆ ಬೆಳಿಗ್ಗೆ ಹೋಗಿ ಹಂಸ ನೋಡಿ ಸಂಜೆ ಬರೋಣ, ವ್ಯಾನು ಜೂನ್‌ಗೆ ಇರಲಿ, ಮಲ್ಪೆಗೆ. ಇವರು ಬಯಲುಸೀಮೆಯವರು, ಕಡಲ ಮಳೆಯನ್ನು ಒಳಗಿಂದ ಕೇಳಿದವರಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ವ್ಯಾನಿನ ಮಾಡು ಮಳೆಗೆ ಸದ್ದು ಮಾಡುತ್ತದಾ?" ಎಂದರು.

ಸೋಮವಾರ

ಬಾಡಿಗೆಯವರಿಗೆ ಫೋನ್ ಮಾಡಿದೆ. ಡ್ರೈವರ್ ಇಲ್ಲದ ಸಣ್ಣ ಗಾಡಿ ಇದೆಯಂತೆ. ಮೀನು ಹುರಿಯುವುದಾದರೆ ಹೊರಗೆ, ಒಳಗೆ ಬೇಡ. ಒಪ್ಪಿದೆ. ಮಾಡಿನ ಸದ್ದು ಕೇಳಿದೆ. ಶಾಖ ಇಳಿಯದಂತೆ ದಪ್ಪನೆಯ ಹೊದಿಕೆ ಹಾಕಿದ್ದಾರಂತೆ, ಮಳೆಯಲ್ಲಿ ಒಳಗೆ ಹೇಗೆ ಕೇಳಿಸುತ್ತದೋ ಯಾರೂ ಕೂತು ನೋಡಿಲ್ಲವಂತೆ. ಒಂದು ಬಕೆಟ್ ನೀರು ಸುರಿದು ನೋಡಿ ಹೇಳುತ್ತೇನೆ ಅಂದಿದ್ದಾನೆ ಹುಡುಗ.