ಇಪ್ಪತ್ತು ವರ್ಷದ ಗುಡಿ

ಇತಿಹಾಸವೆಂದರೆ ಕಲ್ಲು ಎಂದೇ ನಾನು ನಂಬಿದ್ದೆ. ಈಜಿಪ್ಟಿನ ಪಿರಮಿಡ್ಡು, ಅಥೆನ್ಸಿನ ಪಾರ್ಥೆನಾನ್, ರೋಮಿನ ಕೊಲೋಸಿಯಂ - ಪರೀಕ್ಷೆಗೆಂದು ನಾನು ಉರುಹೊಡೆದ ವೈಭವಗಳೆಲ್ಲ ಕಲ್ಲಿನವೇ. ಉಳಿದದ್ದು ದೊಡ್ಡದು, ಅಳಿದದ್ದು ಸಣ್ಣದು ಎಂಬ ಈ ಲೆಕ್ಕ ಬಹಳ ಸುಲಭವಾಗಿತ್ತು. ಅದನ್ನು ಕೆಡಿಸಿದುದು ಜಪಾನಿನ ಒಂದು ಮರದ ಗುಡಿ.

ಒಂದು ದಿನ ನಮ್ಮ ಅಧ್ಯಾಪಕರು ಪಾಠದ ನಡುವೆ ಇಸೆ ಎಂಬ ಊರಿನ ದೇವಾಲಯದ ಚಿತ್ರವೊಂದನ್ನು ತೋರಿಸಿ, "ಇದರ ವಯಸ್ಸೆಷ್ಟು?" ಎಂದು ಕೇಳಿದರು. ಮುಂದಿನ ಬೆಂಚಿನ ಜಾಣನೊಬ್ಬ "ಸಾವಿರದ ಮುನ್ನೂರು ವರ್ಷ" ಎಂದ. ಹಿಂದಿನ ಬೆಂಚಿನ ನನಗೆ ಚಿತ್ರದಲ್ಲಿನ ಮರ ತೀರ ಹೊಸದಾಗಿ ಕಂಡಿತು. "ಹತ್ತು ಹದಿನೈದು ವರ್ಷ ಸಾರ್" ಎಂದೆ. ತರಗತಿಯೆಲ್ಲ ನಕ್ಕಿತು. ಅಧ್ಯಾಪಕರು ಮಾತ್ರ ನಗಲಿಲ್ಲ. "ಇಬ್ಬರಿಗೂ ಪೂರ್ತಿ ಅಂಕ" ಎಂದರು.

ಸಂಗತಿ ಇಷ್ಟೆ. ಇಸೆಯಲ್ಲಿ ಸೂರ್ಯದೇವಿ ಅಮತೆರಸುವಿನ ಗುಡಿಯನ್ನು ಇಪ್ಪತ್ತು ವರ್ಷಕ್ಕೊಮ್ಮೆ ಹೊಸದಾಗಿ ಕಟ್ಟುತ್ತಾರೆ. ಪಕ್ಕಪಕ್ಕದಲ್ಲಿ ಎರಡು ನಿವೇಶನಗಳು. ಒಂದರಲ್ಲಿ ಗುಡಿ, ಇನ್ನೊಂದು ಬಯಲು. ಬಯಲಿನಲ್ಲಿ ಹಳೆಯದರಂತೆಯೇ ಹೊಸ ಗುಡಿ ಎದ್ದ ಮೇಲೆ ದೇವಿಯನ್ನು ಅಲ್ಲಿಗೆ ಬಿಜಮಾಡಿಸಿ, ಹಳೆಯದನ್ನು ಬಿಚ್ಚುತ್ತಾರೆ. ಮೊದಲ ಸಲ ಹೀಗೆ ನಡೆದುದು ಕ್ರಿ.ಶ. 690ರಲ್ಲಿ, ಜಿತೊ ಎಂಬ ಸಾಮ್ರಾಜ್ಞಿಯ ಕಾಲದಲ್ಲಿ. ಅರುವತ್ತೆರಡನೆಯ ಸಲ 2013ರಲ್ಲಿ. ಮುಂದಿನದು 2033ಕ್ಕೆ, ಅದರ ವಿಧಿಗಳು 2025ರಲ್ಲೇ ಆರಂಭವಾದುವು.

ಜಪಾನೀಯರಿಗೆ ಬಾಳಿಕೆ ಬರುವಂತೆ ಕಟ್ಟಲು ತಿಳಿಯದೆ ಹೀಗೆ ಮಾಡಿದರೆ? ಖಂಡಿತ ಅಲ್ಲ. ಅದೇ ದೇಶದ ಹೊರ್ಯೂಜಿ ಬೌದ್ಧ ವಿಹಾರದಲ್ಲಿ ಲೋಕದಲ್ಲೇ ಅತ್ಯಂತ ಹಳೆಯ ಮರದ ಕಟ್ಟಡಗಳು ಇಂದಿಗೂ ನಿಂತಿವೆ. ಅಲ್ಲಿನ ಕಂಬಗಳಿಗೆ ಕಲ್ಲಿನ ಆಸರೆಯುಂಟು. ಇಸೆಯಲ್ಲಾದರೋ ಕಂಬಗಳನ್ನು ನೇರವಾಗಿ ಮಣ್ಣಿನಲ್ಲೇ ಹೂಳುತ್ತಾರೆ, ಮೇಲೆ ಹುಲ್ಲು ಹೊದಿಸುತ್ತಾರೆ. ಕೊಳೆಯುವುದೆಂದು ತಿಳಿದೇ ಕಟ್ಟುವ ಗುಡಿ ಅದು.

ಇಪ್ಪತ್ತೇ ವರ್ಷ ಏಕೆಂಬುದಕ್ಕೆ ಹಲವರು ಹಲವು ಕಾರಣ ಹೇಳುತ್ತಾರೆ. ನನ್ನ ಮನಸ್ಸಿಗೆ ಹಿಡಿಸಿದುದು ಒಂದು. ಇಪ್ಪತ್ತರ ಹುಡುಗ ಉಳಿ ಕೊಡುತ್ತ ನೋಡಿ ಕಲಿಯುತ್ತಾನೆ. ನಲವತ್ತರಲ್ಲಿ ತಾನೇ ಕಟ್ಟುತ್ತಾನೆ. ಅರುವತ್ತರಲ್ಲಿ ಕುಳಿತು ಕಲಿಸುತ್ತಾನೆ. ಗುಡಿಯಷ್ಟೇ ಅಲ್ಲ, ದೇವಿಗೆ ಸಲ್ಲುವ 714 ಬಗೆಯ 1,576 ವಸ್ತುಗಳನ್ನೂ ಹೊಸದಾಗಿ ಮಾಡುತ್ತಾರೆ. ನೇಯುವವನು, ಖಡ್ಗ ಮಾಡುವವನು, ಅರಗಿನ ಬಣ್ಣ ಬಳಿಯುವವನು ಎಲ್ಲರ ವಿದ್ಯೆಯೂ ಹೀಗೆ ಕೈಯಿಂದ ಕೈಗೆ ದಾಟುತ್ತದೆ. ಹಳೆಯ ಗುಡಿಯ ಮುಖ್ಯ ಕಂಬಗಳು ಕೂಡ ವ್ಯರ್ಥವಾಗುವುದಿಲ್ಲ. ಇಸುಜು ಹೊಳೆಯ ಸೇತುವೆಯ ತುದಿಗಳಲ್ಲಿ ಹೆಬ್ಬಾಗಿಲಾಗಿ ಮತ್ತೆ ನಿಲ್ಲುತ್ತವೆ. ಮುಂದಿನ ಶತಮಾನಗಳ ಕಂಬಗಳಿಗಾಗಿ 1923ರಿಂದ ದೇವಾಲಯದ ಕಾಡಿನಲ್ಲೇ ಹಿನೋಕಿ ಮರಗಳನ್ನು ಬೆಳೆಸುತ್ತಿದ್ದಾರೆ. ನೆಟ್ಟವರಲ್ಲಿ ಯಾರೂ ಆ ಕಂಬವನ್ನು ಕಾಣಲಾರರು.

ಈ ಸರಪಣಿ ಎಂದೂ ಹರಿದಿಲ್ಲವೆಂದಲ್ಲ. ಅಂತರ್ಯುದ್ಧಗಳ ಕಾಲದಲ್ಲಿ, 1462ರ ಅನಂತರ 1585ರವರೆಗೆ, ಒಳಗುಡಿಯನ್ನು ಮತ್ತೆ ಕಟ್ಟಲಾಗಲಿಲ್ಲ. ಪುನಃ ಕಟ್ಟಿದಾಗ ಕೆಲವು ವಿವರಗಳು ಬದಲಾದುವೆಂದು ವಿದ್ವಾಂಸರು ಹೇಳುತ್ತಾರೆ.

ಇದನ್ನು ಕೇಳಿದಾಗ ನನಗೆ ನಮ್ಮೂರ ತೇರು ನೆನಪಾಯಿತು. ಅದರ ಮರದ ಗಾಲಿಗಳನ್ನು ಮಾಡಿದವರು ನನ್ನ ತಾತ. ಹೌದು, ನಾವು ಬಡಗಿಗಳು. ಇಲ್ಲಿ ಸೇರುವಾಗ ತಂದೆಯ ಉದ್ಯೋಗವೆಂಬ ಕಡೆ ನಾನು 'ವ್ಯವಸಾಯ' ಎಂದು ಬರೆದಿದ್ದೆ. ನಮಗೆ ಅಂಗೈಯಗಲ ಹೊಲವೂ ಇಲ್ಲ.

ಹೋದ ವರ್ಷ ಜಾತ್ರೆಗೆ ಮುಂಚೆ ಒಂದು ಗಾಲಿ ಸೀಳಿತು. ಊರವರು ನಮ್ಮ ಮನೆಗೆ ಬಂದರು. ಅಪ್ಪ ಬಹಳ ಹೊತ್ತು ಗಾಲಿಯನ್ನು ತಡವಿ ನೋಡಿ, "ನಮ್ಮಪ್ಪ ಮಾಡುವಾಗ ನಾನಿನ್ನೂ ಹುಡುಗ. ಒಂದೇ ಸಲ ನೋಡಿದ್ದು. ಧೈರ್ಯ ಸಾಲದು ಸ್ವಾಮಿ" ಎಂದರು. ಪೇಟೆಯಿಂದ ಕಬ್ಬಿಣದ ಗಾಲಿ ಬಂತು. ತೇರು ನಿರ್ವಿಘ್ನವಾಗಿ ಎಳೆಯಿತು. ಆ ದಿನ ಅಪ್ಪ ಮಾತ್ರ ಮನೆಯಿಂದ ಹೊರಗೆ ಬರಲಿಲ್ಲ. ಹೊಟ್ಟೆನೋವೆಂದರು, ನಾನೂ ನಂಬಿದೆ.

ತಾತ ಮಾಡಿದ ಗಾಲಿ ಗಟ್ಟಿಯಾಗಿತ್ತು. ಐವತ್ತು ವರ್ಷ ಬಾಳಿತು. ಆ ಗಟ್ಟಿತನದಿಂದಲೇ ಅಪ್ಪನಿಗೆ ಇನ್ನೊಂದು ಗಾಲಿ ಮಾಡುವ ಸಂದರ್ಭ ಬರಲಿಲ್ಲ. ಇಸೆಯ ಹಿರಿಯರು ಕೊಳೆಯುವ ಗುಡಿಯನ್ನು ಕಟ್ಟಿ ಕಟ್ಟುವವರನ್ನು ಉಳಿಸಿಕೊಂಡರು. ನಾವು ಗಾಲಿಯನ್ನು ಉಳಿಸಿ ಕೈಯನ್ನು ಕಳೆದುಕೊಂಡೆವು.

ದಸರಾ ರಜೆಯಲ್ಲಿ ಅಪ್ಪನಿಗೆ ಈ ಕಥೆ ಹೇಳಿದೆ. ಅವರು ಮಾತಾಡಲಿಲ್ಲ. ರಾತ್ರಿ ಊಟವಾದ ಮೇಲೆ ಅಂಗಳದಲ್ಲಿ ಕಡ್ಡಿಯಿಂದ ದೊಡ್ಡದೊಂದು ಸುತ್ತು ಗೀಚಿ, "ಹಲಗೆಗಳು ಹೀಗೆ ಸೇರಬೇಕು, ಇಲ್ಲಿ ತಾತ ಏನೋ ಮಾಡಿದ್ದರು, ಮರೆತಿದೆ" ಎಂದರು. ನಾನು ದೀಪ ತಂದು ಅದನ್ನು ನೋಟ್‌ಪುಸ್ತಕದಲ್ಲಿ ಬರೆದುಕೊಂಡೆ. ಮರೆತ ಜಾಗವನ್ನು ಖಾಲಿ ಬಿಟ್ಟಿದ್ದೇನೆ.

ಬಿ.ಎ. ಮುಗಿಸಿ ನಾನು ಬಡಗಿಯಾಗುವೆನೆಂದು ಹೇಳಲಾರೆ, ಅದು ಸುಳ್ಳಾದೀತು. ಆದರೆ ಬೇಸಿಗೆ ರಜೆಯಲ್ಲಿ, ಬಿಚ್ಚಿಟ್ಟ ಆ ಸೀಳು ಗಾಲಿಯ ಮುಂದೆ ಅಪ್ಪನೊಡನೆ ಕುಳಿತು ಆ ಖಾಲಿ ಜಾಗವನ್ನು ಹುಡುಕಬೇಕೆಂದಿದ್ದೇನೆ. ಅದಕ್ಕೆ ಮೊದಲು ಕಚೇರಿಗೆ ಹೋಗಿ, ನನ್ನ ಅರ್ಜಿಯಲ್ಲಿ ಒಂದು ಪದವನ್ನು ತಿದ್ದಿಸಬೇಕಾಗಿದೆ.