ಗಡಗಡಿಯ ಲೆಕ್ಕ

ಅಮ್ಮಿನಬಾವಿ. ಹೆಸರಿನಲ್ಲೇ ಬಾವಿ ಇರುವ ಊರು. ಬಾವಿ ಇದ್ದಲ್ಲಿ ಗಡಗಡಿ, ಗಡಗಡಿ ಇದ್ದಲ್ಲಿ ಹಗ್ಗ. ಆದರೆ ಆ ಹಗ್ಗ ಯಾರ ಕೈಯಲ್ಲಿ ಎಂಬುದನ್ನು ವಿಜ್ಞಾನದ ಪುಸ್ತಕ ಹೇಳುವುದಿಲ್ಲ.

ಶಾಲೆಯಲ್ಲಿ ನಮಗೆ ಪ್ರಯೋಗ ಮಾಡಿ ತೋರಿಸಿದರು. ತೊಲೆಗೆ ಗಡಗಡಿ ಕಟ್ಟಿ, ಹಗ್ಗದ ಒಂದು ತುದಿಗೆ 2 ಕಿಲೋ ಕಲ್ಲು, ಇನ್ನೊಂದಕ್ಕೆ ಸ್ಪ್ರಿಂಗ್ ತಕ್ಕಡಿ. ಜಗ್ಗಿದರೆ ಮುಳ್ಳು 2 ಕಿಲೋ ದಾಟಿ ತುಸು ಮುಂದೇ ನಿಂತಿತು. ತಿಕ್ಕಾಟದ ಪಾಲು ಅದು. ಮೇಲೆ ಕುಂತ ಗಡಗಡಿ ಭಾರ ಇಳಿಸುವುದಿಲ್ಲ, ದಿಕ್ಕು ಬದಲಿಸುತ್ತದೆ ಅಷ್ಟೇ. ಎತ್ತುವ ಬದಲು ಕೆಳಕ್ಕೆ ಜಗ್ಗುತ್ತೇವೆ, ಮೈಭಾರ ಹಾಕುತ್ತೇವೆ. ಅದಕ್ಕೇ ಹಗುರ ಅನಿಸುತ್ತದೆ.

ಆಮೇಲೆ ಹಗ್ಗದ ತುದಿಯನ್ನು ತೊಲೆಗೇ ಬಿಗಿದು, ಗಡಗಡಿಯನ್ನು ಕಲ್ಲಿಗೆ ಕಟ್ಟಿದರು. ಈಗ ಮುಳ್ಳು 1 ಕಿಲೋದ ಹತ್ತಿರ ಬಂತು. ಕಲ್ಲು 1 ಮೀಟರ್ ಏರಲು ಹಗ್ಗ 2 ಮೀಟರ್ ಜಗ್ಗಬೇಕು. ಉಳಿದ ಅರ್ಧ ಭಾರ ಎಲ್ಲಿ ಹೋಯಿತು? ಎಲ್ಲೂ ಹೋಗಿಲ್ಲ. ತೊಲೆ ಹೊತ್ತಿದೆ.

ಇದನ್ನು ಮನೆಯಲ್ಲಿ ಹೇಳಿದರೆ ನಮ್ಮವ್ವಂದಿರದು ಒಂದೇ ಮಾತು: "ಗಡಗಡಿ ಲೆಕ್ಕಾ ಇರ್ಲಿ ತಮ್ಮಾ, ನಮಗ ಹಗ್ಗಾ ಮುಟ್ಟಾಕ ಎಲ್ಲಿ ಬಿಟ್ಟಾರ?"

ಪಂಪು ಬರುವ ಮೊದಲು ಹೊಲಕ್ಕೆ ನೀರು ಎತ್ತಿದ್ದು ಕಪಿಲೆ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಹಗ್ಗ ಗಾಲಿಯ ಮೇಲೆ ಹಾಯ್ದು ತೊಗಲಿನ ಬಾನಿ ಮೇಲೇರುತ್ತಿತ್ತು. ಆ ತೊಗಲು ಹದ ಮಾಡಿದವರು, ಬಾನಿ ಹೊಲಿದವರು ನಮ್ಮ ಹಿರಿಯರು. ನಾವು ಹೊಲಿದ ತೊಗಲು ಬಾವಿಯಲ್ಲಿ ಮುಳುಗಿದರೆ ಮೈಲಿಗೆಯಿಲ್ಲ. ನಮ್ಮ ಕೊಡ ಮುಳುಗಿದರೆ ಮೈಲಿಗೆ! ಕುಡಿಯುವ ನೀರಿಗೆ ಕಟ್ಟೆಯ ಕೆಳಗೆ ನಿಂತು "ನೀರ ಹಾಕ್ರೀ ಯವ್ವಾ" ಅಂತ ಕೂಗಬೇಕು.

1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡ್‌ನ ಚವದಾರ್ ಕೆರೆಯ ನೀರು ಕುಡಿದರು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಬಾವಿ, ಕೆರೆ, ಸ್ನಾನಘಟ್ಟ ಎಂದು ಹೆಸರು ಹಿಡಿದೇ ಹೇಳಿತು: ಸಾರ್ವಜನಿಕ ನೀರಿಗೆ ಜಾತಿಯ ಅಡ್ಡಿ ಇರಕೂಡದು. ಹಗ್ಗ ಕಾನೂನಿನಲ್ಲಿ ನಮ್ಮ ಕೈಗೆ ಬಂದದ್ದು ಹೀಗೆ.

ಇವತ್ತು ಸವದತ್ತಿಯ ಕಡೆಯಿಂದ ಮಲಪ್ರಭೆಯ ನೀರು ಪಂಪಿನಲ್ಲಿ ಏರಿ ಅಮ್ಮಿನಬಾವಿಗೆ ಬಂದು, ಶುದ್ಧವಾಗಿ ಹುಬ್ಬಳ್ಳಿ-ಧಾರವಾಡಕ್ಕೆ ಹೋಗುತ್ತದೆ. ನೀರೆತ್ತುವ ಯಂತ್ರ ಬದಲಾಯಿತು. ಮೇಲೆ ಕುಂತವರಲ್ಲಿ ಹಲವರು ಇನ್ನೂ ಆ ಮೊದಲ ಗಡಗಡಿಯಂತೆಯೇ ಇದ್ದಾರೆ: ದಿಕ್ಕು ತೋರಿಸುತ್ತಾರೆ, ಭಾರ ಇಳಿಸುವುದಿಲ್ಲ. ನಮಗೆ ಬೇಕಾದವರು ಎರಡನೆಯ ಗಡಗಡಿಯಂಥವರು, ಭಾರ ಇದ್ದಲ್ಲಿಗೆ ಇಳಿದು ಬಂದು ಅದರ ಜೊತೆಗೇ ಮೇಲೇರುವವರು. ಊರೆಂಬ ತೊಲೆ ತನ್ನ ಪಾಲಿನ ಅರ್ಧ ಹೊರಲಿ. ಜಗ್ಗುವ ಕೈಗಳು ನಮ್ಮಲ್ಲಿ ಮೊದಲಿನಿಂದಲೂ ಇವೆ.