ನೆಲಮಂಗಲದ ಸೀಮೆ: ಊರ ಕಾವಲಿನ ಕಥೆ

ಬೆಂಗಳೂರಿನಿಂದ ವಾಯವ್ಯ ದಿಕ್ಕಿನಲ್ಲಿ ಸುಮಾರು 27 ಕಿಲೋಮೀಟರು ಸಾಗಿದರೆ ನೆಲಮಂಗಲ. ಇಲ್ಲಿ ಹೆದ್ದಾರಿ ಕವಲೊಡೆಯುತ್ತದೆ. ಒಂದು ಕವಲು ತುಮಕೂರಿಗೆ, ಇನ್ನೊಂದು ಕುಣಿಗಲ್ಲು, ಹಾಸನಗಳನ್ನು ಹಾದು ಮಂಗಳೂರಿಗೆ. ಹಗಲಿರುಳೆನ್ನದೆ ಲಾರಿಗಳು ಹರಿಯುವ ಈ ಕವಲಿನಲ್ಲಿ ನಿಂತವರಿಗೆ, ಒಂದಾನೊಂದು ಕಾಲದಲ್ಲಿ ಇದೇ ಸೀಮೆಯ ಹಳ್ಳಿಗಳನ್ನು ಕೈಯಲ್ಲೊಂದು ದೊಣ್ಣೆ ಹಿಡಿದ ತಳವಾರನು ಕಾಯುತ್ತಿದ್ದನೆಂದರೆ ನಂಬುವುದು ಕಷ್ಟ.

ಸೀಮೆಯೇನೋ ಹಳೆಯದು. ತಾಲ್ಲೂಕಿನ ಮಣ್ಣೆಯೆಂಬ ಗ್ರಾಮವೇ ಎಂಟನೆಯ ಶತಮಾನದಲ್ಲಿ ಗಂಗರ ದೊರೆ ಶ್ರೀಪುರುಷನು ನೆಲೆಸಿದ್ದ ಮಾನ್ಯಪುರ. ಇಂದು ಅಲ್ಲಿ ಪಾಳುಬಿದ್ದ ಗುಡಿಗಳ ಚೆಲುವಾದ ಕೆತ್ತನೆಯನ್ನು ನೋಡಿ ನಿಟ್ಟುಸಿರಿಡಬೇಕಷ್ಟೆ. ಆ ಕಾಲದಲ್ಲಿ ಊರಿನ ದನಗಳನ್ನು ಶತ್ರುಗಳು ಹೊಡೆದುಕೊಂಡು ಹೋದಾಗ ಬೆನ್ನಟ್ಟಿ ಹೋರಾಡಿ ಮಡಿದವರಿಗೆ ನಮ್ಮ ಜನ ವೀರಗಲ್ಲು ನಿಲ್ಲಿಸಿದರು. ಅವರನ್ನು ಆ ಕೆಲಸಕ್ಕೆ ನೇಮಿಸಿದವರು ಯಾರೂ ಇರಲಾರರು.

ನೇಮಕವೆಂಬುದು ಸ್ಪಷ್ಟವಾಗಿ ಕಾಣುವುದು ಆಯಗಾರರ ಪದ್ಧತಿಯಲ್ಲಿ. ಪಟೇಲ, ಶಾನುಭೋಗ, ತಳವಾರ, ತೋಟಿ, ನೀರಗಂಟಿ ಮೊದಲಾದವರು ಊರಿಗೆ ಅಂಗಗಳಂತಿದ್ದರು. 1812ರಲ್ಲಿ ಲಂಡನ್ನಿನ ಪಾರ್ಲಿಮೆಂಟಿಗೆ ಒಪ್ಪಿಸಿದ ಪ್ರಸಿದ್ಧವಾದ ಐದನೆಯ ವರದಿಯಲ್ಲಿ ದಕ್ಷಿಣದೇಶದ ಹಳ್ಳಿಗಳ ವರ್ಣನೆಯಿದೆ. ಅಪರಾಧಗಳ ಸುದ್ದಿ ತಿಳಿಯುವುದು, ದಾರಿಹೋಕರನ್ನು ಒಂದೂರಿನಿಂದ ಮತ್ತೊಂದೂರಿಗೆ ಕ್ಷೇಮವಾಗಿ ತಲುಪಿಸುವುದು ತಳವಾರನ ಕೆಲಸ. ಪೈರು ಕಾಯುವುದು, ಬೆಳೆಯನ್ನು ಅಳೆಯುವಾಗ ನೆರವಾಗುವುದು ತೋಟಿಯ ಕೆಲಸವೆಂದು ಅಲ್ಲಿ ಹೇಳಿದೆ. ಸಂಬಳದ ಮಾತೇ ಇಲ್ಲ. ಸುಗ್ಗಿಯ ಕಾಲದಲ್ಲಿ ಕಣದಿಂದ ಬರುವ ಕಾಳು, ಜೊತೆಗೆ ತುಂಡು ಇನಾಂ ಭೂಮಿ.

ಸಂಸ್ಥಾನದ ಮಟ್ಟದಲ್ಲಿ ಈ ಕಾವಲಿಗೆ ಮೇಲಿದ್ದುದು ‘ಕಂದಾಚಾರ’. ಈ ಮಾತನ್ನು ಕೇಳಿದೊಡನೆ ಇಂದಿನ ವಾಚಕರಿಗೆ ಮೂಢನಂಬಿಕೆಯ ನೆನಪು ಬಂದೀತು. ಆದರೆ ದಿವಾನ್ ಪೂರ್ಣಯ್ಯನವರ ಕಾಲದ ಮೈಸೂರಿನಲ್ಲಿ ಕಂದಾಚಾರದ ಪೇದೆಗಳೆಂದರೆ ಅರ್ಧ ಸಿಪಾಯಿಗಳು, ಅರ್ಧ ಪೊಲೀಸರು. ತಾಲ್ಲೂಕಿನಲ್ಲಿ ಅವರು ಅಮಲ್ದಾರರ ಅಧೀನ. ಕಂದಾಯ ವಸೂಲಿ ಮಾಡುವ ಕೈಯೇ ಕಳ್ಳನನ್ನೂ ಹಿಡಿಯುತ್ತಿತ್ತು. 1862ರಲ್ಲಿ ಕಮಿಷನರಾಗಿ ಬಂದ ಬೌರಿಂಗ್ ಸಾಹೇಬರ ಕಾಲದಿಂದೀಚೆಗೆ ಹೊಸ ಮಾದರಿಯ ಪೊಲೀಸು ಇಲಾಖೆ ಬೇರೂರಿತು. ಆದರೂ ಹಳ್ಳಿಯೊಳಗೆ ಪಟೇಲನ ಅಧಿಕಾರ ಕದಲಲಿಲ್ಲ. 1908ರ ಮೈಸೂರು ಗ್ರಾಮಾಧಿಕಾರಗಳ ಶಾಸನ ಬಂದ ಮೇಲೂ ಈ ಅಧಿಕಾರಗಳು ವಂಶದಲ್ಲಿಯೇ ಇಳಿದುಬಂದವು.

1898ರ ದಂಡ ಪ್ರಕ್ರಿಯಾ ಸಂಹಿತೆಯ 45ನೆಯ ವಿಧಿಯು ಇಂಥ ಗ್ರಾಮಾಧಿಕಾರಿಗಳ ಪೊಲೀಸು ಕರ್ತವ್ಯವನ್ನು ಗೊತ್ತುಮಾಡಿತ್ತು. ಕದ್ದ ಮಾಲು ಕೊಳ್ಳುವವನೆಂದು ಹೆಸರಾದವನು ಊರಿನಲ್ಲಿ ಬೀಡುಬಿಟ್ಟರೆ, ದರೋಡೆಗಾರನೋ ಸೆರೆಯಿಂದ ತಪ್ಪಿಸಿಕೊಂಡವನೋ ಊರನ್ನು ಹಾದುಹೋದರೆ, ಯಾರಾದರೂ ಸಂಶಯ ಬರುವಂತೆ ಸತ್ತರೆ, ಕೂಡಲೆ ಸುದ್ದಿ ಮುಟ್ಟಿಸಬೇಕು. ಬರೆಯಲು ಸುಲಭ! ಮಳೆಗಾಲದ ನಡುರಾತ್ರಿ ಕೆಸರು ತುಳಿದು ಠಾಣೆಗೆ ಓಡಬೇಕಾದವನು ಪಟೇಲನಲ್ಲ, ತಳವಾರ.

ಅವನ ಬಲವೆಲ್ಲ ಪರಿಚಯದಲ್ಲಿತ್ತು. ಯಾರ ಮನೆಗೆ ನೆಂಟರು ಬಂದರು, ಕೆರೆಯ ಏರಿಯ ಮೇಲೆ ಹೊತ್ತಲ್ಲದ ಹೊತ್ತಿನಲ್ಲಿ ನಡೆದವರು ಯಾರು ಎಂಬುದನ್ನು ಅವನು ಬಲ್ಲ. ಇದನ್ನು ನೆನೆದು ಹಳೆಯ ಕಾಲವೇ ಚೆನ್ನಾಗಿತ್ತೆಂದು ಹಲುಬುವವರಿದ್ದಾರೆ. ನಾನು ಅವರ ಗುಂಪಿಗೆ ಸೇರಿದವನಲ್ಲ. ತಂದೆ ತೋಟಿಯಾಗಿದ್ದನೆಂದು ಮಗನೂ ತೋಟಿಯಾಗಬೇಕು, ಚಾವಡಿಯ ಜಗಲಿಯನ್ನು ಹತ್ತದೆ ಅಂಗಳದಲ್ಲಿಯೇ ಕೈಕಟ್ಟಿ ನಿಲ್ಲಬೇಕು ಎಂಬಂಥ ವ್ಯವಸ್ಥೆಗೆ ಕಾವಲೆಂಬ ಹೆಸರು ಎಷ್ಟು ಒಪ್ಪೀತು? ಪಟೇಲನು ಸಜ್ಜನನಾದರೆ ಊರಿಗೆ ನೆಮ್ಮದಿ. ಅಲ್ಲವಾದರೆ ಬೇಲಿಯೇ ಎದ್ದು ಹೊಲ ಮೇಯ್ದಂತೆ. ಅವನ ಮೇಲೆ ದೂರು ಕೊಡಬೇಕಾದ ಬಡವನು ಮೊದಲು ಅವನ ಚಾವಡಿಗೇ ಹೋಗಬೇಕಾಗಿತ್ತು.

1961ರ ಗ್ರಾಮಾಧಿಕಾರಗಳ ರದ್ಧಿಯಾತಿ ಶಾಸನವು 1963ರ ಫೆಬ್ರವರಿ 1ರಂದು ಜಾರಿಗೆ ಬಂದಾಗ ಪಟೇಲಗಿರಿ, ಶಾನುಭೋಗಿಕೆ, ತಳವಾರಿಕೆಗಳೆಲ್ಲ ಒಟ್ಟಿಗೆ ಮುಗಿದವು. ಲೆಕ್ಕಪತ್ರ ನೋಡಲು ಸರ್ಕಾರ ಗ್ರಾಮಲೆಕ್ಕಿಗರನ್ನು ನೇಮಿಸಿತು. ಊರಿಗೊಬ್ಬ ಕಾವಲುಗಾರನನ್ನು ಮಾತ್ರ ಯಾರೂ ನೇಮಿಸಲಿಲ್ಲ. ಆ ಹೊಣೆ ದೂರದ ಠಾಣೆಗೆ ಸೇರಿತು.

ಇಂದು ಸಿವಿಲ್ ಪೊಲೀಸ್ ಪೇದೆಯಾಗಬೇಕಾದರೆ ಪಿಯುಸಿ ತೇರ್ಗಡೆಯಾಗಿ, ಲಿಖಿತ ಪರೀಕ್ಷೆ ಬರೆದು, ಓಟ ಜಿಗಿತಗಳಲ್ಲಿ ಗೆದ್ದು, ಚನ್ನಪಟ್ಟಣದಂಥ ತರಬೇತಿ ಶಾಲೆಯಲ್ಲಿ ಪಳಗಬೇಕು. ಕುಲ ಕೇಳುವ ನೇಮಕವಿದಲ್ಲ. ಹೆಣ್ಣುಮಕ್ಕಳೂ ಖಾಕಿ ತೊಟ್ಟಿದ್ದಾರೆ. ಆದರೆ ಬೇರೆ ಜಿಲ್ಲೆಯಿಂದ ಬಂದ ಪೇದೆಗೆ ಮಣ್ಣೆಯ ಓಣಿಗಳ ಗುರುತು ಸಿಗಬೇಕಾದರೆ ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ವರ್ಗದ ಹುಕುಂ ಬಂದರೂ ಬಂದೀತು. ಹೆದ್ದಾರಿಯ ಅಪಘಾತ, ಗೋದಾಮುಗಳ ಕಳವು, ನಿವೇಶನಗಳ ಜಗಳ, ಸಂಕ್ರಾಂತಿಯಂದು ಶಿವಗಂಗೆಯ ಗಂಗಾಧರೇಶ್ವರನ ಕಲ್ಯಾಣೋತ್ಸವಕ್ಕೆ ನೆರೆಯುವ ಜನಸಂದಣಿ, ಇವೆಲ್ಲವೂ ಅದೇ ಠಾಣೆಗಳ ಪಾಲು. 2017ರಲ್ಲಿ ರಾಜ್ಯದಲ್ಲಿ ಸುಧಾರಿತ ಗಸ್ತು ವ್ಯವಸ್ಥೆ ಬಂದು, ಒಂದೊಂದು ಚಿಕ್ಕ ಪ್ರದೇಶಕ್ಕೆ ಒಬ್ಬೊಬ್ಬ ಪೇದೆಯನ್ನು ಹೊಣೆಮಾಡಿ, ಅಲ್ಲಿನ ನಿವಾಸಿಗಳೊಡನೆ ಆಗಾಗ್ಗೆ ಸಭೆ ಸೇರಬೇಕೆಂದು ವಿಧಿಸಿದರು. ತಳವಾರನ ಪರಿಚಯಜ್ಞಾನವನ್ನು ಅವನ ದಾಸ್ಯವಿಲ್ಲದೆ ಪಡೆಯುವ ಪ್ರಯತ್ನವೆಂದು ನಾನು ಇದನ್ನು ಮೆಚ್ಚುತ್ತೇನೆ.

ಇನ್ನೊಂದು ವಿನೋದವುಂಟು. 45ನೆಯ ವಿಧಿಯು 1973ರ ಸಂಹಿತೆಯಲ್ಲಿ 40ನೆಯದಾಯಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ 34ನೆಯದಾಗಿ ಕುಳಿತಿದೆ. ಪಟೇಲನಿಲ್ಲ, ಚಾವಡಿಯಿಲ್ಲ, ಗ್ರಾಮದ ಕೆಲಸಕ್ಕೆ ನೇಮಕವಾದ ಅಧಿಕಾರಿಯು ಕಳ್ಳರ ಸುಳಿವನ್ನು ಕೂಡಲೆ ತಿಳಿಸತಕ್ಕದ್ದೆಂಬ ಮಾತು ಮಾತ್ರ ಇನ್ನೂ ಪುಸ್ತಕದಲ್ಲಿದೆ.